ಅಂಚೆ ಚೀಲ: ಒಂದಾಣೆ ಕಾಗದಕ್ಕೆ ಹಡಗಿನ ಖರ್ಚು ಕೊಟ್ಟವರು ಯಾರು?

ಹೋದ ಸಂಚಿಕೆಯಲ್ಲಿ ಮೈಸೂರು ಸಂಸ್ಥಾನದ ಅಂಚೆ ಓಟಗಾರರ ಬಗ್ಗೆ ಬರೆಯುತ್ತಾ ಕೊನೆಗೆ ಸುಮ್ನೆ ಒಂದು ಮಾತು ಸೇರಿಸಿದ್ದೆ. ಬೌರಿಂಗ್‌ಪೇಟೆಯಿಂದ, ಅಂದರೆ ನಮ್ಮ ಈಗಿನ ಬಂಗಾರಪೇಟೆಯಿಂದ, ಲಂಡನ್ನಿಗೆ ಒಂದಾಣೆಗೆ ಕಾಗದ ಹೋಗುತ್ತಿದ್ದ ಕಾಲವಿತ್ತು ಅಂತ. ಅದನ್ನೇ ಹಿಡಿದುಕೊಂಡು ಓದುಗರು ಪ್ರಶ್ನೆ ಕಳಿಸಿದ್ದಾರೆ. ಹಾಗಾಗಿ ಈ ಸಲ ಪೂರ್ತಿ ಹಡಗಿನ ಟಪಾಲು. ನಾನು ಹಡಗು ಹತ್ತಿದವನಲ್ಲ. ರಾತ್ರಿ ರೈಲಿನ ಸಾರ್ಟಿಂಗ್ ಡಬ್ಬಿಯಲ್ಲಿ ನಿಂತು ಕಾಗದ ಬೇರ್ಪಡಿಸಿ ರಿಟೈರ್ ಆದವನು. ಹಳೆಯ ಕವರು, ಠಸ್ಸೆಗಳ ಹುಚ್ಚು ಮಾತ್ರ ರಿಟೈರ್ ಆಗಿಲ್ಲ.

ಪ್ರಶ್ನೆ: ನಮ್ಮ ಮುತ್ತಾತ ಇಲ್ಲಿನ ಚಾಂಪಿಯನ್ ರೀಫ್ಸ್ ಗಣಿಯಲ್ಲಿ ಇಂಗ್ಲಿಷ್ ದೊರೆಯೊಬ್ಬರ ಬಂಗಲೆಯಲ್ಲಿ ಬಟ್ಲರ್ ಆಗಿದ್ದರು. ಅವರ ಟ್ರಂಕಿನಲ್ಲಿ 1899ರ ಒಂದು ಖಾಲಿ ಕವರು ಸಿಕ್ಕಿದೆ. ಫೋಟೋ ಕಳಿಸಿದ್ದೇನೆ. ಮುಂದುಗಡೆ ‘ವಯಾ ಬ್ರಿಂಡಿಸಿ’ ಅಂತಲೂ ಹಿಂದುಗಡೆ ಗುಂಡು ಠಸ್ಸೆಯಲ್ಲಿ ‘ಸೀ ಪೋಸ್ಟ್ ಆಫೀಸ್’ ಅಂತಲೂ ಇದೆ. ಸಮುದ್ರದಲ್ಲಿ ಪೋಸ್ಟ್ ಆಫೀಸು ಹೇಗೆ? (ಓದುಗರೊಬ್ಬರು, ಕೆಜಿಎಫ್)

ಉತ್ತರ: ತಾಯಿ, ಮೊದಲು ಆ ಕವರನ್ನು ಲ್ಯಾಮಿನೇಷನ್ ಮಾಡಿಸಬೇಡಿ. ಸ್ಟಾಂಪು ಕೀಳಬೇಡಿ. ಬಿಳಿ ಕಾಗದದ ನಡುವೆ ಇಟ್ಟು ಒಣ ಜಾಗದಲ್ಲಿಡಿ. ಇನ್ನು ಕಥೆಗೆ ಬರೋಣ.

ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ನೇರಳೆ ಬಣ್ಣದ ಒಂದು ಪೆನ್ನಿಯ ಸ್ಟಾಂಪು, ವಿಕ್ಟೋರಿಯಾ ರಾಣಿಯ ತಲೆ. ಅದರ ಮೇಲಿನ ಠಸ್ಸೆ ಕ್ಯಾಂಬೋರ್ನ್ ಊರಿನದು. ಅದು ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಗಣಿ ಊರು. ಅಲ್ಲಿನ ತವರ, ತಾಮ್ರದ ಗಣಿಗಳು ಸೊರಗಿದಾಗ ಆ ಸೀಮೆಯ ಗಣಿಗಾರರು ದೇಶ ದೇಶಕ್ಕೆ ಹೋದರು. ನಮ್ಮ ಕೋಲಾರದ ಗಣಿಗಳಿಗೂ ಬಂದರು. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯವರು 1880ರ ದಶಕದಿಂದ ಇಲ್ಲಿ ಚಿನ್ನ ತೆಗೆಸುತ್ತಿದ್ದರಲ್ಲ, ಅವರೇ ಕರೆಸಿದ್ದು. ಯಾರೋ ಹೆಂಡತಿಯೋ ತಾಯಿಯೋ ಬರೆದ ಕಾಗದ ಇರಬೇಕು.

ದಾರಿ ನೋಡಿ. ಕ್ಯಾಂಬೋರ್ನಿನಿಂದ ರೈಲಿನಲ್ಲಿ ಲಂಡನ್. ಅಲ್ಲಿ ವಾರಕ್ಕೊಂದು ದಿನ ಇಂಡಿಯಾ ಮೇಲ್ ಹೊರಡುತ್ತಿತ್ತು, ಶುಕ್ರವಾರ ರಾತ್ರಿ. ಡೋವರಿನಿಂದ ಇಂಗ್ಲಿಷ್ ಕಾಲುವೆ ದಾಟಿ ಫ್ರಾನ್ಸಿನ ಕ್ಯಾಲೆ. ಅಲ್ಲಿಂದ ವಿಶೇಷ ರೈಲು ಆಲ್ಪ್ಸ್ ಬೆಟ್ಟದ ಸುರಂಗದಲ್ಲಿ ನುಗ್ಗಿ ಇಟಲಿಯ ಹಿಮ್ಮಡಿಯಲ್ಲಿರುವ ಬ್ರಿಂಡಿಸಿ ಬಂದರಿಗೆ. ಆ ಸುರಂಗ ತೆರೆದದ್ದು 1871ರಲ್ಲಿ. ದೊಡ್ಡ ಹಡಗು ಲಂಡನ್ನಿನಿಂದ ಎಷ್ಟೋ ದಿನ ಮೊದಲೇ ಹೊರಟು ಸ್ಪೇನ್ ಸುತ್ತಿಕೊಂಡು ಬರುತ್ತಿತ್ತು. ಕಾಗದ ಮಾತ್ರ ನೆಲದ ಮೇಲೆ ಓಡಿ ಅದನ್ನು ಹಿಡಿಯುತ್ತಿತ್ತು. ಬ್ರಿಂಡಿಸಿಯಲ್ಲಿ ಪಿ ಅಂಡ್ ಓ (ಪೆನಿನ್ಸುಲಾರ್ ಅಂಡ್ ಓರಿಯೆಂಟಲ್) ಅನ್ನುವ ಬ್ರಿಟಿಷ್ ಹಡಗು ಕಂಪನಿಯವರು ಐಸಿಸ್, ಒಸಿರಿಸ್ ಅಂತ ಎರಡು ಚಿಕ್ಕ, ಜೋರಾಗಿ ಓಡುವ ಹಡಗು ಇಟ್ಟಿದ್ದರು. ಎರಡೂ 1898ರಲ್ಲಿ ಕಟ್ಟಿದವು. ಅವುಗಳ ಮುಖ್ಯ ಕೆಲಸವೇ ಟಪಾಲು ಚೀಲ ಹೊತ್ತು ಮೆಡಿಟರೇನಿಯನ್ ಸಮುದ್ರ ದಾಟಿ ಪೋರ್ಟ್ ಸೈದಿನಲ್ಲಿ ದೊಡ್ಡ ಹಡಗಿಗೆ ಒಪ್ಪಿಸುವುದು. ನಿಮ್ಮ ಕವರು ಈ ಎರಡರಲ್ಲಿ ಒಂದನ್ನು ಹತ್ತಿ ಬಂದದ್ದೇ ಇರಬೇಕು. ಆಮೇಲೆ ಸೂಯೆಜ್ ಕಾಲುವೆ, ಕೆಂಪು ಸಮುದ್ರ, ಅರೇಬಿಯಾದ ದಕ್ಷಿಣ ತುದಿಯ ಏಡನ್ ಬಂದರು.

ಏಡನ್ ದಾಟಿದ ಮೇಲೆ ನನ್ನ ಕಸುಬಿನವರು ಬರುತ್ತಾರೆ. ಹಡಗಿನ ಕೆಳಗಿನ ಕೋಣೆಯಲ್ಲಿ ಇಂಡಿಯಾದ ಅಂಚೆ ಇಲಾಖೆಯ ಸಾರ್ಟರ್‌ಗಳು ಗೂಡುಗಳ ಮುಂದೆ ನಿಂತು ಮದರಾಸಿಗೆ ಬೇರೆ, ಕಲ್ಕತ್ತೆಗೆ ಬೇರೆ, ಪಂಜಾಬಿಗೆ ಬೇರೆ ಅಂತ ಕಾಗದ ಹಾಕುತ್ತಿದ್ದರು. ಬೊಂಬಾಯಿ ಮುಟ್ಟುವುದರೊಳಗೆ ಚೀಲ ಕಟ್ಟಿ, ಲೇಬಲ್ ಹಾಕಿ, ಅರಗಿನ ಸೀಲು ಒತ್ತಿ ತಯಾರಿರಬೇಕು. ಬಂದರಿನಲ್ಲಿ ಒಂದು ದಿನ ಉಳಿಯಲಿ ಅಂತ ಈ ಏರ್ಪಾಡು. 1868ರಲ್ಲಿ ಶುರುವಾಗಿ ಮೊದಲ ಮಹಾಯುದ್ಧದವರೆಗೂ ನಡೆಯಿತು. ಅವರ ಠಸ್ಸೆಯೇ ನಿಮ್ಮ ಕವರಿನ ಬೆನ್ನಿಗಿರುವುದು. ಜೂನ್, ಜುಲೈಯಲ್ಲಿ ಅರಬ್ಬೀ ಸಮುದ್ರ ಹೇಗಿರುತ್ತೆ ಅಂತ ಮಂಗಳೂರಿನವರನ್ನು ಕೇಳಿ. ಹೊಟ್ಟೆ ತೊಳಸುತ್ತಾ, ದೀಪ ಓಲಾಡುತ್ತಾ, ವಕ್ರ ಕೈಬರಹದಲ್ಲಿ ಕೆಜಿಎಫ್‌ನ ‘ಮಾರಿಕುಪ್ಪಂ’ ಓದುವುದು ಸಣ್ಣ ಕೆಲಸವಲ್ಲ. ನಮ್ಮ ಡಬ್ಬಿ ಬರೀ ಅಲುಗುತ್ತಿತ್ತು, ಅವರದ್ದು ಏಳುತ್ತಿತ್ತು, ಬೀಳುತ್ತಿತ್ತು.

ಬೊಂಬಾಯಿಯಿಂದ ರೈಲು. ಬೌರಿಂಗ್‌ಪೇಟೆಯಿಂದ ಗಣಿಗೆ 1894ರಿಂದ ಕವಲು ರೈಲು ಇತ್ತು. ಎಲ್ಲ ಸೇರಿ ಎರಡು ವಾರದ ಮೇಲೆ ಸ್ವಲ್ಪ. ಒಂದು ಪೆನ್ನಿಗೆ!

ಪ್ರಶ್ನೆ: ಒಂದು ಪೆನ್ನಿಗೆ, ಒಂದಾಣೆಗೆ ಕಾಗದ ಹೋಗುತ್ತಿತ್ತು ಅಂತೀರಿ. ನಾನು ಕೊಬ್ಬರಿ ವ್ಯಾಪಾರಿ. ಲಾರಿ ಬಾಡಿಗೆ ಗೊತ್ತಿರೋನು. ಹಡಗಿನ ಕಲ್ಲಿದ್ದಲಿಗಾದರೂ ದುಡ್ಡು ಗಿಟ್ಟುತ್ತಿತ್ತೇ? ಲೆಕ್ಕ ಹೇಳಿ. (ತಿಪಟೂರಿನಿಂದ ಒಬ್ಬರು)

ಉತ್ತರ: ಸ್ವಾಮಿ, ಗಿಟ್ಟುತ್ತಿರಲಿಲ್ಲ. ಸ್ಟಾಂಪಿನ ಕಾಸಿನಲ್ಲಿ ಆ ಹಡಗು ಯಾವತ್ತೂ ಓಡಲಿಲ್ಲ. ಇದೇ ನಾನು ಈ ಸಲ ಹೇಳಬೇಕೆಂದಿದ್ದ ಮಾತು, ನೀವೇ ಎತ್ತಿದಿರಿ.

ಒಂದಾಣೆ ಹೇಗೆ ಬಂತು ಅಂತ ಮೊದಲು ಹೇಳಿಬಿಡುತ್ತೇನೆ. ಕ್ಯಾಂಟರ್ಬರಿಯ ಪಾರ್ಲಿಮೆಂಟ್ ಸದಸ್ಯ ಹೆನಿಕರ್ ಹೀಟನ್ ಅಂತ ಒಬ್ಬ ಹಠಮಾರಿ ಇದ್ದ. ಇಡೀ ಸಾಮ್ರಾಜ್ಯಕ್ಕೆ ಒಂದು ಪೆನ್ನಿ ದರ ಇರಬೇಕು ಅಂತ ವರ್ಷಗಟ್ಟಲೆ ಸರ್ಕಾರದ ಬೆನ್ನು ಬಿದ್ದ. 1891ರಲ್ಲಿ ದರ ಎರಡೂವರೆ ಪೆನ್ಸಿಗೆ ಇಳಿಯಿತು. 1898ರ ಡಿಸೆಂಬರ್ 25ರಂದು ಒಂದು ಪೆನ್ನಿ ಆಯಿತು, ಅರ್ಧ ಔನ್ಸ್ ತೂಕಕ್ಕೆ. ಇಂಡಿಯಾ ಕೂಡ ಅವತ್ತೇ ಸೇರಿತು. ಆಗ ರೂಪಾಯಿಗೆ ಒಂದು ಶಿಲಿಂಗ್ ನಾಲ್ಕು ಪೆನ್ಸ್, ಅಂದರೆ 16 ಪೆನ್ಸ್. ರೂಪಾಯಿಗೆ ಆಣೆಯೂ 16. ಹಾಗಾಗಿ ನಮ್ಮ ಕಡೆ ಒಂದಾಣೆ. ಆಸ್ಟ್ರೇಲಿಯಾದವರಂತೂ ಕೈ ಎತ್ತಿದರು. ವರಮಾನ ಖೋತಾ ಆಗುತ್ತೆ, ನಮಗೆ ಬೇಡ ಅಂದರು. ಅವರಿಗೆ ಲೆಕ್ಕ ಗೊತ್ತಿತ್ತು ನೋಡಿ.

ಈಗ ಖರ್ಚಿನ ಕಡೆ ಬನ್ನಿ. ಅದೇ 1898ರಲ್ಲಿ ಇಂಡಿಯಾ, ಚೀನಾ, ಆಸ್ಟ್ರೇಲಿಯಾ ಟಪಾಲಿಗೆ ಬ್ರಿಟಿಷ್ ಸರ್ಕಾರ ಪಿ ಅಂಡ್ ಓ ಜೊತೆ ಮಾಡಿಕೊಂಡ ಕರಾರು ವರ್ಷಕ್ಕೆ 3,30,000 ಪೌಂಡಿನದು. ಪೌಂಡಿಗೆ 240 ಪೆನ್ಸ್. ಈ ಹಣ ಬರೀ ಸ್ಟಾಂಪಿನಿಂದ ಹುಟ್ಟಬೇಕಾದರೆ ವರ್ಷಕ್ಕೆ 7 ಕೋಟಿ 92 ಲಕ್ಷ ಕಾಗದ ಬೇಕು. ಅದೂ ಹಡಗಿನ ಕಂಪನಿಗೆ ಕೊಡುವುದಕ್ಕೆ ಮಾತ್ರ. ಫ್ರಾನ್ಸ್, ಇಟಲಿ ರೈಲಿನವರಿಗೆ ಕೊಡುವುದು ಬೇರೆ. ಸಾರ್ಟರ್, ಪೋಸ್ಟ್‌ಮ್ಯಾನ್ ಸಂಬಳ ಬೇರೆ.

ಇನ್ನೂ ಹಿಂದಿನದು ಕೇಳಿ. 1868ರಿಂದ ವಾರಕ್ಕೊಂದು ಟಪಾಲು ಶುರುವಾದಾಗ ವರ್ಷಕ್ಕೆ 4,00,000 ಪೌಂಡ್. ಆಗಿನ ರೂಪಾಯಿ ಲೆಕ್ಕದಲ್ಲಿ ಸುಮಾರು 40 ಲಕ್ಷ. ನಮ್ಮ ಮೈಸೂರು ಸಂಸ್ಥಾನ ಬ್ರಿಟಿಷರಿಗೆ ವರ್ಷ ವರ್ಷ ಕಟ್ಟುತ್ತಿದ್ದ ಪೊಗದಿ, ಅಂದರೆ ಕಪ್ಪ, ಆಗ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ. ಒಂದು ಸಂಸ್ಥಾನದ ಪೊಗದಿಗಿಂತ ಒಂದು ಹಡಗು ಕಂಪನಿಯ ಟಪಾಲು ಗುತ್ತಿಗೆ ಜಾಸ್ತಿ! ಅದರಲ್ಲಿ ಇನ್ನೊಂದು ಕಣ್ಣು ಕುಕ್ಕುವ ಷರತ್ತಿತ್ತು. ಕಂಪನಿಯ ಷೇರುದಾರರಿಗೆ ನೂರಕ್ಕೆ 8ರಷ್ಟು ಡಿವಿಡೆಂಡ್ ಬರದಿದ್ದರೆ ಸರ್ಕಾರ ಇನ್ನೂ 1,00,000 ಪೌಂಡಿನವರೆಗೆ ತುಂಬಿಕೊಡಬೇಕು. 8ಕ್ಕಿಂತ ಜಾಸ್ತಿ ಲಾಭ ಬಂದರೆ ಹೆಚ್ಚುವರಿಯಲ್ಲಿ ಕಾಲು ಭಾಗ ಸರ್ಕಾರಕ್ಕೆ. ನಷ್ಟ ಬಂದರೆ ನಿಮ್ಮದು, ಲಾಭ ಬಂದರೆ ಮುಕ್ಕಾಲು ನಮ್ಮದು. ಇಂಥ ವ್ಯಾಪಾರ ತಿಪಟೂರು ಮಾರ್ಕೆಟ್ಟಿನಲ್ಲಿ ಯಾರಾದರೂ ಒಪ್ಪುತ್ತಾರಾ? ಅಲ್ಲಿಯೂ ಗಲಾಟೆಯಾಗಿ ಎರಡು ಮೂರು ವರ್ಷದಲ್ಲೇ ಅದನ್ನು ಕೈಬಿಟ್ಟು ಒಂದೇ ನಿಗದಿ ಮೊತ್ತ ಮಾಡಿದರು.

ಯಾಕೆ ಕೊಟ್ಟರು ಅಂತ ನೀವು ಕೇಳುತ್ತೀರಿ. ನಮ್ಮ ಹಳ್ಳಿಗೆ ರಾತ್ರಿ ಬಂದು ತಂಗುವ ಸರ್ಕಾರಿ ಬಸ್ಸು ಟಿಕೆಟ್ ದುಡ್ಡಿನಲ್ಲಿ ಓಡುತ್ತಾ? ಇಲ್ಲ. ಓಡಲಿ ಅಂತ ಯಾರೋ ತೀರ್ಮಾನ ಮಾಡಿರುತ್ತಾರೆ. ಇಲ್ಲೂ ಅಷ್ಟೇ. ಆದರೆ ತೀರ್ಮಾನ ಮಾಡಿದವರು ಲಂಡನ್ನಿನವರು, ಅವರಿಗೆ ಬೇಕಾದ ಕಾರಣಕ್ಕೆ. ಸರ್ಕಾರದ ಹುಕುಂ ಬೇಗ ಮುಟ್ಟಬೇಕು. ವ್ಯಾಪಾರಿಯ ಹುಂಡಿ, ಬಿಲ್ಲು ಬೇಗ ಮುಟ್ಟಬೇಕು. ಯುದ್ಧ ಬಂದರೆ ಆ ಹಡಗುಗಳು ಸೈನ್ಯ ಹೊರಲು ಕೈಗೆ ಸಿಗಬೇಕು. 1837ರಿಂದ 1860ರವರೆಗೆ ಈ ಕರಾರುಗಳನ್ನು ನೋಡಿಕೊಂಡದ್ದು ಅಂಚೆ ಇಲಾಖೆಯಲ್ಲ, ನೌಕಾಪಡೆಯ ಅಡ್ಮಿರಾಲ್ಟಿ. ಇದೊಂದೇ ಸಾಕು, ಹಣದ ಹಿಂದಿನ ಮನಸ್ಸು ತಿಳಿಯುತ್ತೆ.

ಹಣ ಯಾರದು? ಒಂದು ಪಾಲು ಬ್ರಿಟನ್ನಿನ ಖಜಾನೆಯದು. ಇನ್ನೊಂದು ಪಾಲು ಇಂಡಿಯಾದ ಖಜಾನೆಯದು. ಇಂಡಿಯಾದ ಖಜಾನೆ ಅಂದರೆ ಭೂಕಂದಾಯ, ಉಪ್ಪಿನ ತೆರಿಗೆ, ಅಫೀಮು. ಜೀವಮಾನದಲ್ಲಿ ಒಂದು ಕಾಗದ ಬರೆಯದ ರೈತ ಕೂಡ ಬ್ರಿಂಡಿಸಿ ಮಾರ್ಗಕ್ಕೆ ಚೂರು ಕೊಟ್ಟಿದ್ದಾನೆ. ಕೆಜಿಎಫ್ ದೊರೆಯ ಹೆಂಡತಿ ಅಂಟಿಸಿದ ಪೆನ್ನಿಯಲ್ಲಿ ಗಿಟ್ಟದೆ ಉಳಿದ ಖರ್ಚು ಅವನ ಲೆಕ್ಕದಲ್ಲಿತ್ತು. ಕಂಪನಿಯವರು ಬರೀ ಟಪಾಲು ನೆಚ್ಚಿಕೊಂಡವರೂ ಅಲ್ಲ. ಪ್ರಯಾಣಿಕರು, ಚಿನ್ನ ಬೆಳ್ಳಿ, ರೇಷ್ಮೆ, ಬೊಂಬಾಯಿಯಿಂದ ಚೀನಾಕ್ಕೆ ಅಫೀಮಿನ ಪೆಟ್ಟಿಗೆ, ಎಲ್ಲ ಹೊತ್ತರು. ಟಪಾಲಿನ ದುಡ್ಡು ಗ್ಯಾರಂಟಿ ಇದ್ದದ್ದರಿಂದ ಮಿಕ್ಕವರು ಪೈಪೋಟಿಗೆ ನಿಲ್ಲುವುದು ಕಷ್ಟವಾಯಿತು.

ಪ್ರಶ್ನೆ: ಸರ್ ಎಂ.ವಿ. ಏಡನ್‌ಗೆ ಹೋಗಿದ್ದರು ಅಂತ ನಮ್ಮ ಲೆಕ್ಚರರ್ ಹೇಳಿದರು. ಅಷ್ಟು ದೂರದ ಊರಿಗೂ ಬೊಂಬಾಯಿ ಸರ್ಕಾರಕ್ಕೂ ಏನು ಸಂಬಂಧ? (ಪಿಯುಸಿ ವಿದ್ಯಾರ್ಥಿನಿ, ಚಿಕ್ಕಬಳ್ಳಾಪುರ)

ಉತ್ತರ: ಒಳ್ಳೆಯ ಪ್ರಶ್ನೆ ಕಣಮ್ಮ. ಮುದ್ದೇನಹಳ್ಳಿ ನಿಮ್ಮೂರಿಂದ ಕೂಗಳತೆ ದೂರ. ಅಲ್ಲಿಂದ ಏಡನ್‌ಗೆ ಹೋಗುವ ದಾರಿ ಕಲ್ಲಿದ್ದಲಿನದು.

ಮೊದಲೆಲ್ಲ ಇಂಗ್ಲೆಂಡಿನ ಕಾಗದ ಹಾಯಿ ಹಡಗಿನಲ್ಲಿ ಆಫ್ರಿಕಾ ಸುತ್ತಿ ಬರುತ್ತಿತ್ತು. ನಾಲ್ಕೈದು ತಿಂಗಳು. ಉತ್ತರ ಬರುವುದರೊಳಗೆ ವರ್ಷ. ಹಬೆ ಹಡಗು ಬಂದಾಗ ಕಲ್ಕತ್ತೆಯವರು ಅದನ್ನೇ ಆ ದಾರಿಯಲ್ಲಿ ಓಡಿಸಿ ನೋಡಿದರು. ‘ಎಂಟರ್‌ಪ್ರೈಜ್’ ಅನ್ನುವ ಹಡಗು 1825ರ ಆಗಸ್ಟಿನಲ್ಲಿ ಹೊರಟು ಡಿಸೆಂಬರಿನಲ್ಲಿ ಕಲ್ಕತ್ತೆ ಮುಟ್ಟಿತು, 113 ದಿನ. 70 ದಿನದಲ್ಲಿ ಬಂದರೆ ಬಹುಮಾನ ಅಂತಿತ್ತು. ಎಲ್ಲರಿಗೂ ನಿರಾಸೆ.

ಬೊಂಬಾಯಿಯವರು ಕೆಂಪು ಸಮುದ್ರದ ದಾರಿ ಹಿಡಿದರು. ಅಲ್ಲೇ ಕಟ್ಟಿದ ‘ಹ್ಯೂ ಲಿಂಡ್ಸೆ’ ಅನ್ನುವ ಪುಟ್ಟ ಹಬೆ ಹಡಗು 1830ರ ಮಾರ್ಚ್ 20ರಂದು ಸೂಯೆಜ್ ಕಡೆಗೆ ಹೊರಟಿತು. ಅದರ ಕಲ್ಲಿದ್ದಲ ಕೋಣೆ ಐದಾರು ದಿನಕ್ಕೆ ಸಾಕಾಗುವಷ್ಟೇ. ಏಡನ್ ಮುಟ್ಟಲು ಅದರ ಎರಡರಷ್ಟು ಬೇಕು. ಏನು ಮಾಡುವುದು? ಪ್ರಯಾಣಿಕರ ಕೋಣೆ, ಊಟದ ಕೋಣೆ, ಮೇಲಿನ ಡೆಕ್ಕು, ಎಲ್ಲಿ ಜಾಗವಿದೆಯೋ ಅಲ್ಲೆಲ್ಲ ಕಲ್ಲಿದ್ದಲು ತುಂಬಿದರು. ನೀರು ಅಂಚಿಗೆ ಬರುವಷ್ಟು ಭಾರ. ಏಡನ್ ಸೇರುವಾಗ ಕೆಲವೇ ಗಂಟೆಯ ಕಲ್ಲಿದ್ದಲು ಉಳಿದಿತ್ತು. ಸೂಯೆಜ್ ಮುಟ್ಟಿದ್ದು ಏಪ್ರಿಲ್ 22ಕ್ಕೆ. ಹಾಯಿ ಹಡಗಿನ ಮುಂದೆ ಇದು ಪವಾಡ. ಆದರೆ ಖರ್ಚು ನೋಡಿ ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿ ಡೈರೆಕ್ಟರುಗಳು ತಲೆ ಚಚ್ಚಿಕೊಂಡರು.

ಇದರಿಂದ ಒಂದು ಮಾತು ಗೊತ್ತಾಯಿತು. ದಾರಿಯ ನಡುವೆ ಕಲ್ಲಿದ್ದಲು ಗುಡ್ಡೆ ಹಾಕಲು ತಮ್ಮದೇ ಜಾಗ ಬೇಕು. 1839ರ ಜನವರಿ 19ರಂದು ಕ್ಯಾಪ್ಟನ್ ಹೇನ್ಸ್ ಏಡನ್ ಬಂದರನ್ನು ವಶಪಡಿಸಿಕೊಂಡ. ಅದನ್ನು ಬೊಂಬಾಯಿ ಪ್ರಾಂತ್ಯಕ್ಕೆ ಸೇರಿಸಿದರು. ಅಲ್ಲಿಗೆ ಕಲ್ಲಿದ್ದಲು ಬರುತ್ತಿದ್ದದ್ದು ಇಂಗ್ಲೆಂಡಿನಿಂದ, ಹಾಯಿ ಹಡಗಿನಲ್ಲಿ, ಆಫ್ರಿಕಾ ಸುತ್ತಿಕೊಂಡು! ಬೇಗ ಹೋಗುವ ಹಡಗಿಗೆ ಮೇವು ಹೊರುತ್ತಿದ್ದದ್ದು ನಿಧಾನದ ಹಡಗು. ಸರ್ಕಾರ ಹಡಗು ಕಂಪನಿಗೆ ಕೊಡುತ್ತಿದ್ದ ಸಬ್ಸಿಡಿಯ ದೊಡ್ಡ ತುತ್ತು ಇಲ್ಲೇ ಹೋಗುತ್ತಿತ್ತು.

ಏಡನ್‌ನಲ್ಲಿ ಕಲ್ಲಿದ್ದಲು ಇತ್ತು, ಕುಡಿಯುವ ನೀರು ಇರಲಿಲ್ಲ. ಮಳೆ ಅಪರೂಪ. ಸಮುದ್ರದ ನೀರು ಕಾಯಿಸಿ ಬಟ್ಟಿ ಇಳಿಸಿ ಕುಡಿಯುತ್ತಿದ್ದರು. ಹೀಗಾಗಿ 1906ರಲ್ಲಿ ಬೊಂಬಾಯಿ ಸರ್ಕಾರದ ಇಂಜಿನಿಯರ್ ಆಗಿದ್ದ ವಿಶ್ವೇಶ್ವರಯ್ಯನವರನ್ನು ನೀರು, ಒಳಚರಂಡಿ ಎರಡನ್ನೂ ನೋಡಿ ಬರಲು ಕಳಿಸಿದರು. ಅವರು ಏಡನ್ ಊರಿನಲ್ಲಿ ನೀರು ಹುಡುಕುತ್ತಾ ಕೂರಲಿಲ್ಲ. ಉತ್ತರಕ್ಕೆ ಲಹೆಜ್ ಕಡೆಯ ಒಣಗಿದ ಹೊಳೆಯ ಮರಳಿನಡಿ ಇಂಗಿ ನಿಂತ ನೀರನ್ನು ಬಾವಿ ತೋಡಿ ಎತ್ತಿ ತರುವ ಯೋಜನೆ ಕೊಟ್ಟರು. ಪಾಲಾರ್, ಪೆನ್ನಾರ್, ಪಾಪಾಗ್ನಿ ಸೀಮೆಯವರು ಇದಕ್ಕೆ ಬಾಯಿ ಬಿಡುವುದಿಲ್ಲ. ನಮ್ಮ ಕಡೆ ಹೊಳೆಯಲ್ಲಿ ತಲಪರಿಗೆ ತೋಡಿ ನೀರು ಕುಡಿದವರಲ್ವಾ ನಾವು.

ಪ್ರಶ್ನೆ: ಈ ಟಪಾಲು ಗುತ್ತಿಗೆಗೆ ಟೆಂಡರ್ ಇತ್ತೇ? ಕಡಿಮೆ ಕೂಗಿದವರಿಗೆ ಕೊಡುತ್ತಿದ್ದರೇ? ತಡವಾದರೆ ದಂಡ? (ಗೌರಿಬಿದನೂರಿನ ನಿವೃತ್ತ ಬ್ಯಾಂಕ್ ಮ್ಯಾನೇಜರ್)

ಉತ್ತರ: ಟೆಂಡರ್ ಇತ್ತು ಸಾರ್. ಪಿ ಅಂಡ್ ಓ ಹುಟ್ಟಿದ್ದೇ ಒಂದು ಗುತ್ತಿಗೆಯಿಂದ. 1837ರಲ್ಲಿ ಸ್ಪೇನ್, ಪೋರ್ಚುಗಲ್ ಕಡೆ ಟಪಾಲು ಒಯ್ಯಲು ವರ್ಷಕ್ಕೆ 29,600 ಪೌಂಡಿಗೆ ಒಪ್ಪಿಕೊಂಡರು. ಆಗ ಅದರ ಹೆಸರು ಬರೀ ಪೆನಿನ್ಸುಲಾರ್. 1840ರಲ್ಲಿ ಅಲೆಕ್ಸಾಂಡ್ರಿಯಾ ಮಾರ್ಗ ಸಿಕ್ಕಿದ ಮೇಲೆ ಓರಿಯೆಂಟಲ್ ಸೇರಿತು. 1842ರಲ್ಲಿ ‘ಹಿಂದೂಸ್ತಾನ್’ ಹಡಗನ್ನು ಕಲ್ಕತ್ತೆಗೆ ಕಳಿಸಿದರು, ಸೂಯೆಜ್‌ನಿಂದ ಈಚೆಗಿನ ಓಡಾಟಕ್ಕೆ.

ಟೆಂಡರಿನಲ್ಲಿ ಹೊಸಬರಿಗೆ ಕೊಟ್ಟು ಕೈ ಸುಟ್ಟುಕೊಂಡದ್ದೂ ಇದೆ. ಆಸ್ಟ್ರೇಲಿಯಾ ಮಾರ್ಗವನ್ನು ಪಿ ಅಂಡ್ ಓ ನಡೆಸುತ್ತಿತ್ತು. ಕ್ರಿಮಿಯಾ ಯುದ್ಧಕ್ಕೆ ಹಡಗು ಬೇಕಾಗಿ 1854ರಲ್ಲಿ ಅದು ನಿಂತೇಹೋಯಿತು. ಆಮೇಲೆ ಯುರೋಪಿಯನ್ ಅಂಡ್ ಆಸ್ಟ್ರೇಲಿಯನ್ ಅನ್ನುವ ಹೊಸ ಕಂಪನಿ 1,85,000 ಪೌಂಡಿಗೆ ಹಿಡಿಯಿತು. ಸಾಕಷ್ಟು ಹಡಗಿಲ್ಲ, ಅನುಭವ ಇಲ್ಲ. ಒಂದೆರಡು ವರ್ಷದಲ್ಲೇ ಮುಳುಗಿತು. ಹಡಗಲ್ಲ, ಕಂಪನಿ. 1859ರಲ್ಲಿ ಮತ್ತೆ ಪಿ ಅಂಡ್ ಓ ಬಾಗಿಲಿಗೇ ಬಂದರು. ಅಲ್ಲಿನ ವಸಾಹತುಗಳೂ ಅರ್ಧ ಖರ್ಚು ಹೊರಬೇಕಿತ್ತು, ಹಾಗಾಗಿ ಅಲ್ಲಿನ ಪತ್ರಿಕೆಗಳಲ್ಲಿ ಬೈಗುಳವೋ ಬೈಗುಳ.

ದಂಡ ಇತ್ತು. ಹೊರಡುವುದು ತಡವಾದರೆ, ಮುಟ್ಟುವುದು ತಡವಾದರೆ, ಸಬ್ಸಿಡಿಯಲ್ಲಿ ಕಡಿತ. ಶುರುವಿನ ವರ್ಷಗಳಲ್ಲಿ ಹಡಗಿನ ಮೇಲೆ ನೌಕಾಪಡೆಯ ಒಬ್ಬ ಅಧಿಕಾರಿ ಕೂತೇ ಇರುತ್ತಿದ್ದ. ಊಟ, ಕೋಣೆ ಕಂಪನಿಯದು. ಟಪಾಲು ಅವನ ವಶ. ಹಡಗು ಎಲ್ಲಿ ಎಷ್ಟು ಹೊತ್ತು ನಿಂತಿತು ಅಂತ ಬರೆದುಕೊಳ್ಳುವುದೇ ಕೆಲಸ. ಕ್ಯಾಪ್ಟನ್ನಿಗೆ ಇವನನ್ನು ಕಂಡರೆ ಆಗುತ್ತಿರಲಿಲ್ಲ. ನಿಮ್ಮ ಶಾಖೆಗೆ ಆಡಿಟರ್ ಬಂದು ತಿಂಗಳುಗಟ್ಟಲೆ ಮನೆಯಲ್ಲೇ ಉಳಿದರೆ ಹೇಗಿರುತ್ತೆ, ಸ್ವಲ್ಪ ಯೋಚಿಸಿ.

ಪ್ರಶ್ನೆ: ಸೂಯೆಜ್ ಕಾಲುವೆ ಇಲ್ಲದ ಕಾಲದಲ್ಲಿ ಬೆಂಗಳೂರು ಕಡೆಗೆ ಟಪಾಲು ಹೇಗೆ ಬರುತ್ತಿತ್ತು? (ಮಾಲೂರು)

ಉತ್ತರ: ಒಂಟೆ ಬೆನ್ನ ಮೇಲೆ, ಆಮೇಲೆ ತೆಪ್ಪದಂಥ ದೋಣಿಯಲ್ಲಿ. ತಮಾಷೆಯಲ್ಲ.

ಅಲೆಕ್ಸಾಂಡ್ರಿಯಾದಲ್ಲಿ ಇಳಿದ ಟಪಾಲು ಪೆಟ್ಟಿಗೆಗಳು ಕಾಲುವೆ ದೋಣಿಯಲ್ಲಿ ನೈಲ್ ನದಿಗೆ, ನದಿಯಲ್ಲಿ ಕೈರೋಗೆ. ಅಲ್ಲಿಂದ ಸೂಯೆಜ್‌ಗೆ ಮರಳುಗಾಡು. ಪ್ರಯಾಣಿಕರಿಗೆ ಕುದುರೆ ಗಾಡಿ, ಪೆಟ್ಟಿಗೆಗಳಿಗೆ ಒಂಟೆ. ಈ ದಾರಿಯ ಹುಚ್ಚು ಹಿಡಿಸಿಕೊಂಡವನು ಥಾಮಸ್ ವ್ಯಾಗ್‌ಹಾರ್ನ್. ಟಪಾಲು ತಾನೇ ಹೊತ್ತು ಓಡಿ ತೋರಿಸಿದ. ದಾರಿ ಊರ್ಜಿತವಾಯಿತು, ಗುತ್ತಿಗೆ ದೊಡ್ಡ ಕಂಪನಿಗೆ ಹೋಯಿತು, ಅವನು 1850ರಲ್ಲಿ ಸಾಲ ಹೊತ್ತುಕೊಂಡೇ ಸತ್ತ. 1858ಕ್ಕೆ ಸೂಯೆಜ್‌ವರೆಗೆ ರೈಲು ಬಂತು. 1869ರ ನವೆಂಬರ್ 17ರಂದು ಕಾಲುವೆ ತೆರೆದ ಮೇಲೂ ಬ್ರಿಟಿಷ್ ಅಂಚೆ ಇಲಾಖೆ ಟಪಾಲನ್ನು ರೈಲಿನಲ್ಲೇ ಕಳಿಸಬೇಕು ಅಂತ ವರ್ಷಗಟ್ಟಲೆ ಪಟ್ಟು ಹಿಡಿಯಿತು. ಹಡಗು ಕಾಲುವೆಯಲ್ಲಿ, ಅದರ ಟಪಾಲು ಪಕ್ಕದ ರೈಲಿನಲ್ಲಿ. ಸರ್ಕಾರಿ ಕೆಲಸ.

ಸೂಯೆಜ್‌ನಿಂದ ಕಲ್ಕತ್ತೆಗೆ ಹೋಗುವ ಹಡಗು ಸಿಂಹಳದ ಗಾಲೆ, ಆಮೇಲೆ ಮದರಾಸಿನಲ್ಲಿ ನಿಲ್ಲುತ್ತಿತ್ತು. ಮದರಾಸಿಗೆ ಆಗ ಬಂದರು ಕಟ್ಟೆ ಇಲ್ಲ. ಹಡಗು ದೂರ ಸಮುದ್ರದಲ್ಲೇ ಲಂಗರು ಹಾಕಬೇಕು. ದಡದಿಂದ ಮಸೂಲ ದೋಣಿ ಹೋಗುತ್ತಿತ್ತು. ಒಂದು ಮೊಳೆ ಇಲ್ಲದ ದೋಣಿ ಅದು. ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದದ್ದು. ಮೊಳೆ ಹೊಡೆದ ದೋಣಿ ಆ ಅಲೆಗೆ ಸೀಳಿಹೋಗುತ್ತಿತ್ತು, ಇದು ಬಳುಕಿ ಉಳಿಯುತ್ತಿತ್ತು. ಲಂಡನ್ನಿನಿಂದ ಹಬೆಯ ಬಲದಲ್ಲಿ ಬಂದ ಕಾಗದ ಕೊನೆಯ ಅರ್ಧ ಮೈಲಿಯನ್ನು ಮೀನುಗಾರರ ತೋಳಿನ ಬಲದಲ್ಲಿ ದಾಟಬೇಕಿತ್ತು. ಮದರಾಸಿನಿಂದ ಮುಂದೆ ಓಟಗಾರರು. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರಿಗೆ ರೈಲು ಬಂದ ಮೇಲೆ ನಿಮ್ಮ ಮಾಲೂರಿನ ಮೇಲೇ ಬಂತು.

ಪ್ರಶ್ನೆ: ‘ಕರ್ನಾಟಿಕ್’ ಅಂತ ಟಪಾಲು ಹಡಗು ಇತ್ತಂತೆ. ನಮ್ಮ ನಾಡಿನ ಹೆಸರೇ? (ಶಿರಾ)

ಉತ್ತರ: ಬ್ರಿಟಿಷರ ಬಾಯಲ್ಲಿ ಆ ಹೆಸರು ಮದರಾಸು, ಆರ್ಕಾಟಿನ ಸೀಮೆಗೆ. ಹಿಗ್ಗಬೇಡಿ. ಹಡಗಿನ ಕಥೆಯೂ ಹಿಗ್ಗುವಂಥದ್ದಲ್ಲ. ಕಾಲುವೆ ತೆರೆಯಲು ಎರಡು ತಿಂಗಳಿದೆ ಅನ್ನುವಾಗ, 1869ರ ಸೆಪ್ಟೆಂಬರಿನಲ್ಲಿ, ಸೂಯೆಜ್‌ನಿಂದ ಬೊಂಬಾಯಿಗೆ ಹೊರಟು ಕೆಂಪು ಸಮುದ್ರದ ಹವಳದ ಬಂಡೆಗೆ ಬಡಿಯಿತು. ಹಡಗು ತಕ್ಷಣ ಮುಳುಗಲಿಲ್ಲ. ಕಂಪನಿಯ ಇನ್ನೊಂದು ಹಡಗು ಬರುತ್ತೆ, ಹತ್ತಿಸಿಕೊಳ್ಳುತ್ತೆ ಅಂತ ಕ್ಯಾಪ್ಟನ್ ಎಲ್ಲರನ್ನೂ ಮೇಲೇ ಉಳಿಸಿದ. ದಿನ ಕಳೆದ ಮೇಲೆ ಹಡಗು ಎರಡಾಗಿ ಮುರಿಯಿತು. 31 ಜನ ಹೋದರು. ಅದರಲ್ಲಿದ್ದ 40,000 ಪೌಂಡಿನ ಚಿನ್ನದಲ್ಲಿ ಬಹುಪಾಲನ್ನು ಮುಳುಗುಗಾರರು ಎತ್ತಿದರು.

ಪ್ರಶ್ನೆ: ಆ ಹಡಗುಗಳಲ್ಲಿ ನಮ್ಮವರಿಗೆ ಕೆಲಸ ಇತ್ತಾ? (ಚಿಂತಾಮಣಿಯ ಓದುಗ)

ಉತ್ತರ: ಇತ್ತು, ಜಾಸ್ತಿ ಪಾಲು ಅವರೇ. ಲಸ್ಕರ್‌ಗಳು ಅಂತ ಕರೆಯುತ್ತಿದ್ದರು. ಡೆಕ್ಕಿನ ಮೇಲೆ ಕೊಂಕಣ, ಕಾಠಿಯಾವಾಡದವರು. ಬಾಯ್ಲರಿನ ಮುಂದೆ ಪಂಜಾಬಿ, ಪಠಾಣರು. ಊಟ ಬಡಿಸಲು ಗೋವಾದವರು. ಕೆಂಪು ಸಮುದ್ರದ ಸೆಕೆಯಲ್ಲಿ ಬೆಂಕಿಗೆ ಕಲ್ಲಿದ್ದಲು ಎಸೆಯುವುದು ಮನುಷ್ಯ ಮಾತ್ರದವರ ಕೆಲಸವಲ್ಲ. ಸಂಬಳ ಬಿಳಿಯರದ್ದಕ್ಕಿಂತ ತುಂಬ ಕಡಿಮೆ. ಸಬ್ಸಿಡಿ ಸಾಕಾಗಲು ಇದೂ ಒಂದು ಕಾರಣ, ಆದರೆ ಕರಾರು ಪತ್ರದಲ್ಲಿ ಇದಕ್ಕೆ ಕಾಲಂ ಇಲ್ಲ. 1901ರಲ್ಲಿ ಆಸ್ಟ್ರೇಲಿಯಾ ಒಂದು ಕಾನೂನು ಮಾಡಿತು. ಬರೀ ಬಿಳಿಯರಿಗೆ ಕೆಲಸ ಕೊಡುವ ಹಡಗುಗಳಿಗೆ ಮಾತ್ರ ತನ್ನ ಟಪಾಲು ಗುತ್ತಿಗೆ ಅಂತ. ಓದಿದಾಗ ನನಗೆ ಮೈ ಉರಿದಿತ್ತು.

ಪ್ರಶ್ನೆ: ವಿಮಾನ ಬಂದ ಮೇಲೆ ಸಬ್ಸಿಡಿ ನಿಂತಿತೇ? (ಕೋಲಾರ)

ಉತ್ತರ: ಎಲ್ಲಿ ನಿಲ್ಲುತ್ತೆ! ಹಡಗಿನಿಂದ ವಿಮಾನಕ್ಕೆ ಹತ್ತಿತು ಅಷ್ಟೆ. ಇಂಪೀರಿಯಲ್ ಏರ್‌ವೇಸ್ 1929ರ ಮಾರ್ಚ್ 30ರಿಂದ ಲಂಡನ್ನಿನಿಂದ ಕರಾಚಿಗೆ ವಾರಕ್ಕೊಮ್ಮೆ ಟಪಾಲು ತಂದದ್ದು ಸರ್ಕಾರದ ಹಣದ ಆಸರೆಯಲ್ಲೇ. ಕರಾಚಿಯಿಂದ ಈಚೆಗೆ ತರಲು ಮುಂದೆ ಬಂದವರು ಟಾಟಾ. ಅವರೂ ಮೊದಲು ಸಬ್ಸಿಡಿ ಕೇಳಿದರು. ಸರ್ಕಾರ ಕೊಡಲಿಲ್ಲ. ಸರಿ, ಹೊತ್ತ ಕಾಗದದ ತೂಕಕ್ಕೆ ಬಾಡಿಗೆ ಕೊಡಿ ಸಾಕು ಅಂದರು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಬೊಂಬಾಯಿಗೆ ಹಾರಿದರು. ನಡುವೆ ಅಹಮದಾಬಾದಿನಲ್ಲಿ ಇಳಿದಾಗ ಪೆಟ್ರೋಲ್ ಡಬ್ಬಿ ಬಂದದ್ದು ಎತ್ತಿನ ಗಾಡಿಯಲ್ಲಿ. ಬೊಂಬಾಯಿಯಿಂದ ಮದರಾಸಿಗೆ ಅವರ ಜೊತೆಗಾರ ನೆವಿಲ್ ವಿನ್ಸೆಂಟ್ ಒಯ್ದರು, ನಮ್ಮ ಬಳ್ಳಾರಿಯಲ್ಲಿ ಇಳಿದು.

ಬಳ್ಳಾರಿ ಠಸ್ಸೆಯ ಆ ಕಾಲದ ಏರ್‌ಮೇಲ್ ಕವರು ಯಾರ ಮನೆಯಲ್ಲಾದರೂ ಇದ್ದರೆ ಫೋಟೋ ಕಳಿಸಿ. ಮುಂದಿನ ಸಂಚಿಕೆಗೆ ಮನಿ ಆರ್ಡರ್ ಬಗ್ಗೆ ಪ್ರಶ್ನೆಗಳು ಬಂದು ಕೂತಿವೆ.